ಶಾಖಾಬಕನ್ಯಾಯ ವಿಮರ್ಶೆ

ಪರರಿಗೆ ಹಕ್ಕಿ ತೋರಿಸುವುದೂ ಒಂದು ಶಾಸ್ತ್ರವೆಂದು ಪೂರ್ವಾಚಾರ್ಯರಾರೂ ಅಂಗೀಕರಿಸದಿರುವುದರಿಂದಲೂ, ಆ ಶಾಸ್ತ್ರವನ್ನು ರಂಗನತಿಟ್ಟಿನಂಥ ಪಕ್ಷಿಧಾಮದ ದಡದಲ್ಲಿ ಭಾನುವಾರಗಳಂದು ಸಂಬಳವಿಲ್ಲದೆ ಆಚರಿಸುವ ಸ್ವಯಂಸೇವಕರಿಗೆ ಗ್ರಂಥರಚನೆಗೆ ಬಿಡುವಿಲ್ಲದಿರುವುದರಿಂದಲೂ, ಈ ಭಾರವು ನಮ್ಮ ತಲೆಗೇ ಬಂದಿದೆ. ಕೊರಳಲ್ಲಿ ದುರ್ಬೀನು ತೂಗುವವನು ಅಧಿಕಾರಿ, ಎದುರು ತಿಟ್ಟಿನ ಮರದ ಹಕ್ಕಿ ವಿಷಯ, ತೋರುಬೆರಳು ಸಂಬಂಧ, ಪ್ರಯೋಜನ ಮಾತ್ರ ವಿವಾದಗ್ರಸ್ತ.

ಕ್ಷೇತ್ರಮಹಾತ್ಮ್ಯೆಯನ್ನು ಸಂಕ್ಷೇಪವಾಗಿ ಹೇಳುವುದಾದರೆ, ಕಂಠೀರವ ನರಸರಾಜ ಒಡೆಯರು 1640ರ ದಶಕದಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಒಡ್ಡು ಕಟ್ಟಿಸಲು, ನಡುವೆ ತಿಟ್ಟುಗಳೆದ್ದು, ಯಾರ ಅಪ್ಪಣೆಯನ್ನೂ ಕೇಳದೆ ಕೊಕ್ಕರೆಗಳು ಅಲ್ಲಿ ಒಕ್ಕಲಾದವು. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವೆಂದೂ 2022ರಲ್ಲಿ ರಾಮ್ಸಾರ್ ತಾಣವೆಂದೂ ಘೋಷಣೆಯಾದ ಸಮಾಚಾರವು ಹಕ್ಕಿಗಳಿಗೆ ಈವರೆಗೆ ತಲುಪಿದಂತಿಲ್ಲ.

ಇನ್ನು ಪೂರ್ವಪಕ್ಷ. ಬೆರಳು ಚಾಚಿದರೆ ಹಕ್ಕಿ ಕಾಣುವುದಷ್ಟೆ, ಇದರಲ್ಲಿ ಮೀಮಾಂಸೆಗೆ ಎಡೆಯೆಲ್ಲಿ ಎಂದು ಕೆಲವರು. ಅಲ್ಲ, ಏಕೆಂದರೆ ಚಾಚಿದೊಡನೆ ಪ್ರೇಕ್ಷಕನು ನೋಡುವುದು ಬೆರಳನ್ನೇ, ಮತ್ತು ಎರಡು ಮೊಳ ಪಕ್ಕಕ್ಕೆ ನಿಂತವನಿಗೆ ಅದೇ ಬೆರಳು ಬೇರೊಂದು ಮರವನ್ನು ನಿರ್ದೇಶಿಸುವುದು. ಕೊಂಬೆಯನ್ನು ತೋರಿಸಿ ಅದರ ತುದಿಯ ಬಿದಿಗೆಯ ಚಂದ್ರನನ್ನು ಕಾಣಿಸುವ ಶಾಖಾಚಂದ್ರನ್ಯಾಯವು ಇಲ್ಲಿ ಸಲ್ಲದೇ ಎಂದರೆ, ಚಂದ್ರನಿರುವುದು ಒಬ್ಬನೇ. ಅವನು ವಾಕ್ಯ ಮುಗಿಯುವ ಮೊದಲೇ ಹಾರಿಹೋಗುವವನೂ ಅಲ್ಲ. ಉದಾಹರಣೆ:

"ಆ ಒಣಕೊಂಬೆ ಕಾಣ್ತಿದೆಯಾ ಸಾರ್?"

"ಯಾವುದಪ್ಪಾ? ಎಲ್ಲಾ ಒಣಕೊಂಬೇನೇ."

"ಹಿಕ್ಕೆ ಬಿದ್ದು ಬೆಳ್ಳಗಾಗಿದೆಯಲ್ಲಾ, ಅದು."

"ಎಲ್ಲಾ ಬೆಳ್ಳಗೇ ಇವೆ."

"ಅದರ ಕೆಳಗೆ, ನೀರಿನ ಹತ್ತಿರ…"

"ಹಾಂ, ಮೊಸಳೆ!"

ಈ ಮೊಸಳೆಯೇ ಪಕ್ಷಿಜ್ಞಾನಕ್ಕೆ ಮಹಾಪ್ರತಿಬಂಧಕ. ಬಂಡೆಯ ಮೇಲೆ ಬಾಯ್ದೆರೆದು ನಿಶ್ಚಲವಾಗಿ ಮಲಗಿರುವ ಅದು ನಿಜದ್ದೋ ಸಿಮೆಂಟಿನದೋ ಎಂಬ ಚರ್ಚೆ ಕುಟುಂಬದೊಳಗೆ ಒಮ್ಮೆ ಹುಟ್ಟಿತೆಂದರೆ, ತಲೆಯ ಮೇಲೆ ಹೆಜ್ಜಾರ್ಲೆಗಳ ಸಾಲೇ ಹಾದುಹೋದರೂ ಕತ್ತೆತ್ತುವವರಿಲ್ಲ.

ಆದರೂ ಸ್ವಯಂಸೇವಕನನ್ನು ನಿಜವಾಗಿ ಕಂಗೆಡಿಸತಕ್ಕದ್ದು ಕಾಣದವನಲ್ಲ, ಕಂಡೆನೆನ್ನುವವನು. ಮದುವೆಯಲ್ಲಿ ಪುರೋಹಿತರು ನಡುಹಗಲಿನಲ್ಲಿ ಅರುಂಧತಿಯನ್ನು ತೋರಿಸಲು ವಧೂವರರು ಭಕ್ತಿಯಿಂದ ತಲೆಯಾಡಿಸುವಂತೆ, ನಮ್ಮ ಜನ ತೋರಿಸುವವನ ಮನಸ್ಸು ನೋಯಬಾರದೆಂಬ ಸೌಜನ್ಯದಿಂದ "ಹೂಂ, ಕಂಡ್ತು ಕಂಡ್ತು" ಎಂದುಬಿಡುವರು. ಕಂಡವನ ಹೂಂಕಾರಕ್ಕೂ ಕಾಣದವನ ಹೂಂಕಾರಕ್ಕೂ ಸ್ವರಭೇದವಿಲ್ಲದಿರುವುದರಿಂದ ಪರೀಕ್ಷೆಯೊಂದು ಆವಶ್ಯಕ; ಅದಕ್ಕೆ ಬಾಯ್ಕಳಕ ಕೊಕ್ಕರೆಗೆ ಸಮನಾದ ಹಕ್ಕಿ ಮತ್ತೊಂದಿಲ್ಲ. ಬಣ್ಣದ ಕೊಕ್ಕರೆಯ ಕೊಕ್ಕು ಹೇಗಿದೆಯೆಂದು ಕೇಳಿದರೆ ಉದ್ದವಾಗಿದೆಯೆಂದು ಊಹಿಸಿಯೂ ಹೇಳಬಹುದು; ಬಾಯ್ಕಳಕದ ವಿಷಯದಲ್ಲಿ ಅನುಮಾನಪ್ರಮಾಣ ನಡೆಯದು. ಅದು ಕೊಕ್ಕನ್ನು ಮುಚ್ಚಿದಾಗಲೂ ಬುಡ ಕೂಡಿ, ತುದಿ ಕೂಡಿ, ನಡುವೆ ಒಂದು ಸಂದು ಉಳಿಯುವುದು. ಮುಕ್ಕಾಲಿಯ ದೂರದರ್ಶಕದಲ್ಲಿ ನೋಡಿದರೆ ಆ ಸಂದಿನಾಚೆಯ ಹೊಳೆಯ ಬೆಳಕೂ ತೋರುವುದು. ಪ್ರತ್ಯಕ್ಷವಿಲ್ಲದೆ ಇದನ್ನು ಹೇಳಬಲ್ಲವನು ಇನ್ನೂ ಹುಟ್ಟಿಲ್ಲ.

ಮಂಡ್ಯದ ಕಡೆಯ ಅಜ್ಜಿಯೊಬ್ಬರು, ಮೊಮ್ಮಗನ ಬಲವಂತಕ್ಕೆ, ಮೊದಲು ಮುಚ್ಚಬಾರದ ಕಣ್ಣನ್ನು ಮುಚ್ಚಿ, ಬಳಿಕ ಎರಡನ್ನೂ ಮುಚ್ಚಿ, ಕಡೆಗೆ ಸರಿಯಾದುದನ್ನು ತೆರೆದು ನೋಡಿ, ಯಾರೂ ಪರೀಕ್ಷಿಸುವ ಮೊದಲೇ ತೀರ್ಪಿತ್ತರು:

"ಅಯ್ಯೋ, ಅದ್ಕೆ ಬಾಯಿ ಮುಚ್ಚಕ್ಕೇ ಬರಾಕಿಲ್ವಲ್ಲಪ್ಪಾ!"

ಸ್ವಯಂಸೇವಕನು ಪರಮಾನಂದಭರಿತನಾಗಿ, ಆ ಹಕ್ಕಿಗೆ ಬಸವನಹುಳುವೇ ಮುಖ್ಯಾಹಾರವೆಂದೂ, ಅದನ್ನು ಹಿಡಿದು ಬಿಡಿಸಲು ಸಂದು ಸಹಾಯಕವೆಂಬ ವಾದವಿದೆಯೆಂದೂ, ಮರಿಗಳಿಗೆ ಮಾತ್ರ ಸಂದಿಲ್ಲದೆ ಕೊಕ್ಕು ನೆಟ್ಟಗಿರುವುದೆಂದೂ ವಿಸ್ತರಿಸಿದನು.

"ಮರಿಗೋಳು ಏನ್ ತಿಂತಾವೆ?"

"ಅವೂ ಬಸವನಹುಳಾನೇ ಅಜ್ಜೀ."

"ಹಂಗಾರೆ ಸಂದು ಯಾಕ್ ಬೇಕು?"

ಸಿದ್ಧಾಂತಿಯು ಗಂಟಲು ಸರಿಮಾಡಿಕೊಂಡನು. ಹಿಂದಿನ ಸಾಲಿನವರು ಮೊಸಳೆಗಾಗಿ ತಾಳ್ಮೆಗೆಡುತ್ತಿದ್ದುದರಿಂದ ವಾದವು ಅಲ್ಲಿಗೇ ನಿಂತಿತು.