ಮೊದಲು ಪ್ರೊಸೀಜರ್, ಆಮೇಲೆ ಪಂಪು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬ ನಿವೃತ್ತ ಇಂಜಿನಿಯರ್ ಸಿಕ್ಕೇ ಸಿಗುತ್ತಾರೆ. ಲಿಫ್ಟು ನಿಂತರೂ ಜನರೇಟರು ಕೆಮ್ಮಿದರೂ ವಾಚ್‌ಮನ್ ಮೊದಲು ಒತ್ತುವುದು ಅವರ ಮನೆಯ ಬೆಲ್ಲು. ಒತ್ತದಿದ್ದರೆ ಅವರೇ ಇಳಿದು ಬಂದು, ಯಾಕೆ ಒತ್ತಲಿಲ್ಲ ಎಂದು ವಿವರಣೆ ಕೇಳುತ್ತಾರೆ. ನಮ್ಮಲ್ಲಿ ಆ ಹುದ್ದೆ ರಾಯರದು. ಸರ್ಕಾರ ಅವರನ್ನು ಬಿಟ್ಟಿದೆ, ಅವರು ಸರ್ಕಾರವನ್ನು ಬಿಟ್ಟಿಲ್ಲ.

ಈಚೆಗೆ ಈಜುಕೊಳದ ಪಂಪು ಮೊಂಡು ಹಿಡಿಯಿತು. ಸ್ವಿಚ್ ಹಾಕಿದರೆ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಸ್ವಲ್ಪ ಹೊತ್ತು ಗೊಣಗಿ, ಮನಸ್ಸಾದ ಮೇಲೆ ಏಳುತ್ತದೆ. ರಾಯರು ಬಂದರು, ಕಿವಿಗೊಟ್ಟರು, "ಕೆಪಾಸಿಟರ್ ಕಣೋ" ಎಂದರು. ಸಿಂಗಲ್ ಫೇಸ್ ಮೋಟರು ತಾನಾಗಿ ತಿರುಗಲು ಶುರು ಮಾಡಲಾರದು. ಮೊದಲ ನೂಕು ಕೊಡುವುದೇ ಕೆಪಾಸಿಟರ್. ಅದು ಸೊರಗಿದರೆ ಬರೀ ಗುಂಯ್.

"ಸರಿ ಸಾರ್, ಅಂಗಡಿಯಿಂದ ತಂದ್‌ಬಿಡ್ಲಾ?" ಎಂದ ಪೂಲ್ ಹುಡುಗ.

"ತಂದ್‌ಬಿಡ್ತೀಯಾ? ಬೇರೆ ಕಾರಣಗಳನ್ನೆಲ್ಲ ವಿಚಾರಿಸಿ ಆಯ್ತಾ?"

ವಿಚಾರಣೆ ಶುರುವಾಯಿತು. ಮೊದಲ ಆರೋಪಿ ವೋಲ್ಟೇಜು. 230 ಇರಬೇಕಾದಲ್ಲಿ ತೀರಾ ಇಳಿದರೂ ಮೋಟರು ಏಳಲು ತಿಣುಕುತ್ತದೆ. ಬೆಳಿಗ್ಗೆ ಎಲ್ಲರ ಗೀಸರು ಉರಿಯುವಾಗ ಒಮ್ಮೆ, ಎಲ್ಲರೂ ಆರಿಸಿದಾಗ ಒಮ್ಮೆ ಮೀಟರು ಹಿಡಿದು ಅಳೆದರು. ಆರಿಸಲು ನೋಟಿಸು ಕೊಟ್ಟವರೂ ಅವರೇ. ಇಡೀ ಬ್ಲಾಕು ತಣ್ಣೀರು ಮಿಂದ ಮೇಲೆ ವೋಲ್ಟೇಜು ನಿರ್ದೋಷಿ ಎಂದು ತೀರ್ಪಾಯಿತು.

ಎರಡನೆಯದು ಜಾಲರಿ ಬುಟ್ಟಿ. ಒಳಗೆ ಕೂದಲು, ಹೊಂಗೆ ಎಲೆ, ಯಾವುದೋ ಮಗುವಿನ ಕನ್ನಡಕದ ಪಟ್ಟಿ. ಮುಚ್ಚಳದ ರಬ್ಬರು ಬಿರಿದು ಗಾಳಿ ಎಳೆಯುತ್ತಿದೆಯೇ ಎಂದೂ ನೋಡಿದರು. "ತಿರುಗಿಯೂ ನೀರು ಹಿಡಿಯದಿದ್ದರೆ ಗಾಳಿ. ತಿರುಗದೇ ಗೊಣಗಿದರೆ ಕರೆಂಟು, ಇಲ್ಲವೇ ಬೇರಿಂಗು. ಬರ್ಕೋ." ಹುಡುಗ ಬರೆದುಕೊಂಡ. ಮೇನ್ ಆರಿಸಿ ಶಾಫ್ಟನ್ನು ಕೈಯಲ್ಲೇ ತಿರುಗಿಸಿದರು; ಸಲೀಸಾಗಿ ತಿರುಗಿತು. ಬೇರಿಂಗೂ ಬಿಡುಗಡೆ. ಪ್ರತಿಯೊಂದಕ್ಕೂ ರಿಜಿಸ್ಟರಿನಲ್ಲಿ ತಾರೀಖು, ರುಜು, ಸಾಕ್ಷಿಯಾಗಿ ಹುಡುಗನ ರುಜು.

ಅಷ್ಟರಲ್ಲಿ ಕೊಳ ಹಸಿರಾಗಿತ್ತು. ನೀರು ಸುತ್ತದಿದ್ದರೆ ಫಿಲ್ಟರಿಗೂ ಕೆಲಸವಿಲ್ಲ, ಕ್ಲೋರಿನ್ನೂ ಹರಡುವುದಿಲ್ಲ; ಪಾಚಿಗೆ ಮಾತ್ರ ಯಾರ ಮಂಜೂರಾತಿಯೂ ಬೇಡ.

"ರಾಯರೇ, ನೀರನ್ನೇ ಬದಲಾಯಿಸೋಣ" ಎಂದರು ಸೆಕ್ರೆಟರಿ ಮೇಡಂ. ರಾಯರು ಫೈಲು ಬಿಚ್ಚಿದರು. 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದೆಂದು, ಬಳಸಿದರೆ 5,000 ರೂಪಾಯಿ ದಂಡವೆಂದು ಹೊರಡಿಸಿದ ಆದೇಶದ ಪ್ರತಿ ಅದರಲ್ಲಿತ್ತು.

"ಹಾಗಾದರೆ ಕೆಪಾಸಿಟರನ್ನಾದರೂ ಹಾಕಿಸಿ. ಅದಕ್ಕೆಷ್ಟು ಮಹಾ ದುಡ್ಡು?"

"ಮೂರು ಕೊಟೇಶನ್ ಇಲ್ಲದೆ? ನಾಳೆ ಆಡಿಟ್‌ನಲ್ಲಿ ಆಕ್ಷೇಪ ಬಂದರೆ?"

ನಮ್ಮ ಸಂಘದ ಲೆಕ್ಕ ಆಡಿಟ್ ಮಾಡುವವರೂ ರಾಯರೇ.

ಕೊನೆಗೂ ಕೆಪಾಸಿಟರ್ ಬಂತು. ಹಳೆಯದರ ಮೇಲಿದ್ದ ಮೈಕ್ರೋಫ್ಯಾರಡ್ ಅಂಕಿಯನ್ನು ಹೊಸದರ ಜೊತೆ ಕನ್ನಡಕ ಏರಿಸಿ, ಇಳಿಸಿ, ತಾಳೆ ನೋಡಿದರು. ಮೇನ್ ಆರಿಸಿದ ಹುಡುಗ ತಂತಿ ಬಿಚ್ಚಲು ಕೈ ಚಾಚಿದ್ದೇ ತಡ, "ಮುಟ್ಟಬೇಡ!" ಎಂದು ಗದರಿದರು. "ಮೇನ್ ಆರಿಸಿದರೂ ಇದರ ಹೊಟ್ಟೆಯಲ್ಲಿ ಕರೆಂಟು ಉಳಿದಿರತ್ತೆ. ಮೊದಲು ಖಾಲಿ ಮಾಡಬೇಕು." ಅದನ್ನು ಹುಡುಗನಿಗೆ ಬಿಡದೆ ತಾವೇ ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರಿನಲ್ಲಿ ಸೊನ್ನೆ ತೋರಿಸಿ, ಆಮೇಲೆ "ಈಗ ಮುಟ್ಟು" ಎಂದರು. ಅಲ್ಲಿಯವರೆಗೆ ಮುಸಿಮುಸಿ ನಗುತ್ತಿದ್ದ ನಾವು ಆ ಒಂದು ನಿಮಿಷ ಸುಮ್ಮನಿದ್ದೆವು.

ಸ್ವಿಚ್ ಹಾಕಿದೊಡನೆ ಪಂಪು ಎದ್ದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ರಾಯರು ರಿಜಿಸ್ಟರಿನಲ್ಲಿ ಬರೆದರು: "ದೋಷ: ಕೆಪಾಸಿಟರ್. ಮೊದಲ ದಿನವೇ ಪತ್ತೆ."

ಹುಡುಗ ಹಳೆಯದನ್ನು ಕಸದ ಬುಟ್ಟಿಗೆ ಎಸೆಯಲು ಹೊರಟ.

"ಏಯ್, ಅದು ಸಂಘದ ಆಸ್ತಿ ಕಣೋ. ಸ್ಕ್ರ್ಯಾಪ್ ರಿಜಿಸ್ಟರಿಗೆ ಹತ್ತಿಸು. ಹರಾಜು ಕರೀಬೇಕು."