ಕೊಂಕು ತೆಗೆಯುವವರು ಬೇಕಾಗಿದ್ದಾರೆ

ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಪಂಚರಥಗಳು ಹೊರಟಾಗ ಹಗ್ಗ ಹಿಡಿದವರು ಒಂದು ಪಾಲಾದರೆ, ಹಗ್ಗ ಮುಟ್ಟದೆ ‘ಎಡಕ್ಕೆ ವಾಲ್ತಾ ಅದೆ, ನಿಲ್ಲಿಸ್ರಪ್ಪೋ’ ಎಂದು ಕೂಗುವವರು ಹಲವು ಪಾಲು. ಎಳೆಯುವವರಿಗೆ ಇವರನ್ನು ಕಂಡರೆ ಮೈಯುರಿ. ಆದರೆ ಬಗ್ಗಿ ಎಳೆಯುವವನಿಗೆ ಬೆನ್ನ ಹಿಂದಿನ ತೇರು ಯಾವ ಕಡೆ ಹೊರಳುತ್ತಿದೆ ಎಂಬುದು ಕಾಣುವುದಿಲ್ಲ. ಕಡ್ಲೆಪುರಿ ತಿನ್ನುತ್ತ ನಿಂತವನಿಗೆ ಚೆನ್ನಾಗಿ ಕಾಣುತ್ತದೆ. ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ಮುಕ್ತ ತಂತ್ರಾಂಶದ ಲೋಕದಲ್ಲೂ ಎಳೆಯುವವರು ಒಂದಷ್ಟು ಜನ ಇದ್ದಾರೆ. ಕೊರತೆ ಇರುವುದು ಕಡ್ಲೆಪುರಿಯವರದು. ಪ್ರೋಗ್ರಾಮಿಂಗ್ ಬಾರದ ಕನ್ನಡಿಗನಿಗೆ ಅಲ್ಲೇನು ಕೆಲಸ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ತಪ್ಪು ಹುಡುಕುವುದು, ಕೇಳದಿದ್ದರೂ ದಾರಿ ಹೇಳುವುದು, ಇನ್ನೊಬ್ಬರ ಮಾತನ್ನು ತಿದ್ದುವುದು, ಈ ಮೂರು ವಿದ್ಯೆಗಳು ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ರಸಬಾಳೆಗಿಂತ ಹುಲುಸಾಗಿ ಬೆಳೆಯುತ್ತವೆ, ಮತ್ತು ಮುಕ್ತ ತಂತ್ರಾಂಶಕ್ಕೆ ಇಂದು ಬೇಕಾಗಿರುವುದು ಇವೇ.

ಮೊದಲು ಕೊಂಕಿನ ವಿಷಯ. ‘ಸೂರ್ಯ’ ಎಂದು ಬರೆದಾಗ ಅರ್ಕಾವತ್ತಾಗಿ ಹಿಂದೆ ಸರಿಯುವ ರಕಾರ, ‘ರ‍್ಯಾಂಕ್’ ಎಂದು ಬರೆಯುವಾಗ ತಾನೇ ಮುಂದೆ ನಿಂತು ಯಕಾರವನ್ನು ಒತ್ತಾಗಿ ಕೆಳಗಿಳಿಸಬೇಕು. ಇದಕ್ಕಾಗಿ ಯೂನಿಕೋಡ್‌ನಲ್ಲಿ ನಡುವೆ ಕಣ್ಣಿಗೆ ಕಾಣದ ಕೊಂಡಿಯೊಂದನ್ನು ಸೇರಿಸುವ ಏರ್ಪಾಡಿದೆ. ಯಾವುದೋ ತಂತ್ರಾಂಶ ‘ಕಾಣದ್ದು ಇದ್ದೇನು ಪ್ರಯೋಜನ’ ಎಂದು ಅದನ್ನು ಕಿತ್ತೆಸೆದರೆ, ನಮ್ಮ ಹುಡುಗ ಪಡೆದ ರ‍್ಯಾಂಕು ಅರ್ಕಾವತ್ತಾಗಿ ಬಿದ್ದಿರುತ್ತದೆ. ಬರ್ಲಿನ್ನಿನಲ್ಲಿ ಕುಳಿತು ಆ ತಂತ್ರಾಂಶ ಬರೆದವನಿಗೆ ಎರಡೂ ಒಂದೇ ತರಹದ ಜಿಲೇಬಿ. ಎಷ್ಟೇ ದೊಡ್ಡ ಎಂಜಿನಿಯರಾದರೂ ಈ ತಪ್ಪು ಅವನ ಕಣ್ಣಿಗೆ ಬೀಳದು. ಹಲ್ಲುಪುಡಿಯ ಡಬ್ಬಿಯ ಮೇಲಿನ ಅಕ್ಷರದೋಷಕ್ಕೂ ಅಂಗಡಿಯವನೊಂದಿಗೆ ಜಗಳ ಕಾಯುವ ನಿವೃತ್ತ ಮೇಷ್ಟರಿಗೆ ಥಟ್ಟನೆ ಬೀಳುತ್ತದೆ. ಮೇಷ್ಟರು ಮಾಡಬೇಕಾದದ್ದು ಒಂದೇ, ಜಗಳವನ್ನು ಬರವಣಿಗೆಗೆ ಇಳಿಸುವುದು: ಯಾವ ಫೋನು, ಯಾವ ಆವೃತ್ತಿ, ಏನು ಒತ್ತಿದೆ, ಏನು ಬರಬೇಕಿತ್ತು, ಏನು ಬಂತು, ಜೊತೆಗೆ ಪರದೆಯ ಒಂದು ಚಿತ್ರ. ಬರಿಯ ‘ಸರಿಯಿಲ್ಲ’ ಎಂದರೆ ಅದು ದೂರಲ್ಲ, ನಿಟ್ಟುಸಿರು.

ಇನ್ನು ದಾರಿ ಹೇಳುವುದು. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಎಷ್ಟೋ ಮುಕ್ತ ತಂತ್ರಾಂಶಗಳು ದಾರಿ ತೋರಿಸುವುದು ಇದನ್ನು ನಂಬಿಕೊಂಡೇ. ಉಪಗ್ರಹದ ಚಿತ್ರ ನೋಡಿ ಹೊಳೆಯ ಗೆರೆ ಎಳೆಯಲು ಯಾರಾದರೂ ಆದೀತು. ಆದರೆ ಅಣೆಕಟ್ಟೆಯ ಬೋರ್ಡಿನಲ್ಲಿ ಕಬಿನಿಯಾದದ್ದು ನಂಜನಗೂಡಿನ ಸ್ನಾನಘಟ್ಟದಲ್ಲಿ ಕಪಿಲೆಯಾಗುತ್ತದೆ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವವರೆಗೂ ಭಕ್ತರ ಬಾಯಲ್ಲಿ ಕಪಿಲೆಯೇ ಎಂಬುದು ಉಪಗ್ರಹಕ್ಕೆ ಹೇಗೆ ಗೊತ್ತಾಗಬೇಕು? ನಕ್ಷೆಯಲ್ಲಿ ಕನ್ನಡದ ಹೆಸರಿಗೆ, ಇನ್ನೊಂದು ಹೆಸರಿಗೆ, ಹಳೆಯ ಹೆಸರಿಗೆ ಬೇರೆ ಬೇರೆ ಜಾಗಗಳಿವೆ. ತುಂಬಲು ಊರಿನವರೇ ಬೇಕು. ಸೋಮನಾಥಪುರದ ದೇವಾಲಯ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಹುಡುಕಿಕೊಂಡು ಬಂದ ಪ್ರವಾಸಿಗೆ ಅಲ್ಲಿಂದ ತಲಕಾಡಿಗೆ ಯಾವ ರಸ್ತೆ ಚೆನ್ನಾಗಿದೆ ಎಂಬುದು ಬನ್ನೂರಿನ ಕುರಿ ವ್ಯಾಪಾರಿಗೆ ತಿಳಿದಷ್ಟು ಇನ್ನಾರಿಗೆ ತಿಳಿದೀತು? ಸ್ಟ್ರೀಟ್‌ಕಂಪ್ಲೀಟ್ ಎಂಬ ಆ್ಯಪ್ ಹಾಕಿಕೊಂಡು ನಡೆದರೆ ಅಂಥವೇ ಪ್ರಶ್ನೆಗಳನ್ನು ಕೇಳುತ್ತದೆ: ಈ ರಸ್ತೆಗೆ ಡಾಂಬರು ಇದೆಯೇ, ಬೀದಿದೀಪ ಇದೆಯೇ, ಈ ಅಂಗಡಿಯ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ? ಇವಕ್ಕೆ ಉತ್ತರ ಕೊಡಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ, ಟೀ ಅಂಗಡಿಯ ಹಾಜರಾತಿ ಸಾಕು.

ಮೂರನೆಯದು ಮಾತು ತಿದ್ದುವುದು. ಇದೆಲ್ಲ ಚಿಲ್ಲರೆ ಕೆಲಸ, ಇದರಿಂದ ಏನು ಮಹಾ ಆದೀತು ಎನ್ನುವವರು ‘ಅಲರ್’ ನಿಘಂಟನ್ನು ನೋಡಬೇಕು. ವಿ. ಕೃಷ್ಣ ಎಂಬ ಒಬ್ಬರೇ ದಶಕಗಳ ಕಾಲ ಕುಳಿತು ಕಟ್ಟಿದ ಕನ್ನಡ–ಇಂಗ್ಲಿಷ್ ನಿಘಂಟು ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು. 2019ರಲ್ಲಿ ತಂತ್ರಾಂಶ ತಜ್ಞ ಕೈಲಾಶ್ ನಾಧ್ ಅದಕ್ಕೆ ತಾಣ ಕಟ್ಟಿ ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿದರು. ತಂತ್ರಾಂಶದ ಕೆಲಸ ಕಡಿಮೆಯದೇನಲ್ಲ; ಆದರೆ ಆ ಪದರಾಶಿ ಇಲ್ಲದಿದ್ದರೆ ಆ ತಂತ್ರಾಂಶ ಏನನ್ನು ಹುಡುಕಬೇಕಿತ್ತು? ಕಾಗುಣಿತ ತಿದ್ದುವ ಹನ್‌ಸ್ಪೆಲ್‌ನದೂ ಇದೇ ಕಥೆ. ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಎರಡೂ ಬಳಸುವ ಇದು ಮೊದಲು ಹುಟ್ಟಿದ್ದು ಹಂಗೇರಿಯನ್ ಭಾಷೆಗಾಗಿ. ಅದೂ ನಮ್ಮಂತೆಯೇ ಪದಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಪೋಣಿಸುವ ಭಾಷೆ. ಅದರ ಹೊಟ್ಟೆಯಲ್ಲಿರುವುದು ಎರಡು ಸಾದಾ ಕಡತಗಳು, ಒಂದು ಪದಗಳ ಪಟ್ಟಿ, ಇನ್ನೊಂದು ಪ್ರತ್ಯಯಗಳ ನಿಯಮ. ಪಟ್ಟಿ ಬೆಳೆಸುವವರು ಭಾಷೆ ಬಲ್ಲವರೇ ಆಗಬೇಕು. ನಂಜನಗೂಡು ತಾಲ್ಲೂಕಿನ ದೇವನೂರಿನ ಮಹಾದೇವರು ಆ ಸೀಮೆಯ ಮಾತಿನಲ್ಲಿ ಬರೆದ ‘ಕುಸುಮಬಾಲೆ’ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಶಿಷ್ಟ ಪದಗಳನ್ನಷ್ಟೇ ಉಣಿಸಿ ಬೆಳೆಸಿದ ಕಾಗುಣಿತ ಯಂತ್ರಕ್ಕೆ ಅದನ್ನು ಕೊಟ್ಟರೆ ಮೊದಲ ಪುಟದಿಂದ ಕೊನೆಯವರೆಗೆ ಕೆಂಪು ಗೆರೆ ಎಳೆದೀತು. ತಪ್ಪು ಯಂತ್ರದ್ದಲ್ಲ, ಆ ಸೀಮೆಯ ಮಾತನ್ನು ಯಾರೂ ಅದರ ಕಿವಿಗೆ ಹಾಕಲಿಲ್ಲ, ಅಷ್ಟೆ.

ಇಲ್ಲಿ ಎಂಜಿನಿಯರ್ ಮಿತ್ರರು ಗಂಟಲು ಸರಿಪಡಿಸಿಕೊಳ್ಳುತ್ತಾರೆ: ಗೊತ್ತಿಲ್ಲದವರೆಲ್ಲ ಕೈಹಾಕಿದರೆ ಕೆಲಸ ಕೆಟ್ಟೀತು. ಆಕ್ಷೇಪ ಗಟ್ಟಿಯಾದದ್ದೇ. 2020ರಲ್ಲಿ, ಮುಕ್ತ ತಂತ್ರಾಂಶಕ್ಕೆ ಕೈಜೋಡಿಸಲು ಜನರನ್ನು ಕರೆಯುವ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ತಿದ್ದುಪಡಿ ಕಳುಹಿಸಿದವರಿಗೆ ಟೀ ಶರ್ಟು ಎಂದು ಸಾರಿದ್ದೇ ತಡ, ವಿವರಣೆಯ ಕಡತಗಳಿಗೆ ‘ಅದ್ಭುತ’ ಎಂಬಂಥ ಮಾತು ಸೇರಿಸಿ ಕಳುಹಿಸುವವರ ನೂಕುನುಗ್ಗಲಾಯಿತು. ಆ ತಿಂಗಳೇ ನಿಯಮ ಬದಲಿಸಿ, ಒಪ್ಪಿದ ಯೋಜನೆಗಳಿಗೆ ಮಾತ್ರ ಎಂದು ಮಾಡಬೇಕಾಯಿತು. ಆದರೆ ಅಂದು ಕಸ ಸುರಿದವರು ಕೋಡ್ ಕಳುಹಿಸುವ ದಾರಿ ಬಲ್ಲವರೇ ಹೊರತು ನಮ್ಮ ಮೇಷ್ಟರಲ್ಲ. ಬಾರದ ಕೆಲಸಕ್ಕೆ ಅಂಗಿಯಾಸೆಗೆ ಹೋಗುವುದು ಬೇರೆ, ಬರುವ ಕೆಲಸವನ್ನು ಹೊತ್ತು ಹೋಗದ್ದಕ್ಕೆ ಮಾಡುವುದು ಬೇರೆ. ಎರಡನೆಯದಕ್ಕೆ ನಮ್ಮಲ್ಲಿ ಹೊತ್ತೂ ಧಾರಾಳವಾಗಿದೆ.

ಹೊತ್ತು ಕೊಡುವವರ ಜೊತೆಗೆ ಹುಂಡಿಗೆ ಹಾಕುವವರೂ ಬೇಕು. ಜಗತ್ತಿನ ಬ್ಯಾಂಕುಗಳ ಗುಟ್ಟು ಕಾಯುತ್ತಿದ್ದ ಮುಕ್ತ ತಂತ್ರಾಂಶ ಓಪನ್‌ಎಸ್‌ಎಸ್‌ಎಲ್‌ಗೆ 2014ರ ಹಾರ್ಟ್‌ಬ್ಲೀಡ್ ದೋಷ ಬಯಲಾಗುವ ಮುನ್ನ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಎರಡು ಸಾವಿರ ಡಾಲರಿನ ಆಸುಪಾಸು. ನಂಜುಂಡೇಶ್ವರ ಈ ಅಂಕಿ ಕೇಳಿದರೆ ನಗುತ್ತಾನೆ.

ಕೊನೆಯ ಆಕ್ಷೇಪ ಊರಿನವರದೇ: ಬಿಟ್ಟಿ ಚಾಕರಿ ಯಾಕೆ ಮಾಡಬೇಕು, ಲಾಭ ದೊಡ್ಡ ಕಂಪನಿಗಳಿಗೆ ತಾನೆ? ಹೌದು, ಮೆಟಾ, ಆಪಲ್, ಅಮೆಜಾನ್ ಎಲ್ಲವೂ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸುತ್ತವೆ. ಆದರೆ ಅದರ ಪರವಾನಗಿಯ ಪ್ರಕಾರ ಇಡೀ ನಕ್ಷೆಯನ್ನು ನರಸೀಪುರದ ಹುಡುಗಿಯೊಬ್ಬಳೂ ಇಳಿಸಿಕೊಳ್ಳಬಹುದು, ತನ್ನ ತಾಲ್ಲೂಕಿಗೆ ಬೇಕಾದ ಆ್ಯಪ್ ಮಾಡಿಕೊಳ್ಳಬಹುದು. ಮೇಲಾಗಿ, ಈ ಪ್ರಶ್ನೆ ಕೇಳುವವರೇ ಕಂಪನಿಯೊಂದರ ನಕ್ಷೆಗೆ ಮಸಾಲೆ ದೋಸೆಯ ಚಿತ್ರ ಏರಿಸಿ, ಮೂರು ನಕ್ಷತ್ರ ಕೊಟ್ಟು, ‘ಚಟ್ನಿ ನೀರು’ ಎಂದು ಬರೆದು, ಅದಕ್ಕೆ ಎಷ್ಟು ಜನ ಮೆಚ್ಚಿಗೆ ಒತ್ತಿದರೆಂದು ದಿನಕ್ಕೆರಡು ಸಲ ನೋಡುವವರು. ಚಾಕರಿ ಆಗಲೇ ಸೇರಿಯಾಗಿದೆ, ಸಂಬಳದ ಪ್ರಶ್ನೆ ಏಳಲೇ ಇಲ್ಲ. ಮುಕ್ತ ನಕ್ಷೆಗೆ ಬಂದರೆ ಅವರು ಹೊಸದಾಗಿ ಕಲಿಯಬೇಕಾದದ್ದು ಕಡಿಮೆ: ಹೋಟೆಲು ಎಷ್ಟು ಹೊತ್ತಿಗೆ ತೆರೆಯುತ್ತದೆ ಎಂದು ತುಂಬಲು ಅಲ್ಲಿ ಜಾಗವಿದೆ, ಚಟ್ನಿಯ ಬಗ್ಗೆ ಬರೆಯಲು ಇಲ್ಲ.