ಗ್ಯಾರೇಜಿನಲ್ಲೊಬ್ಬ ನಿವೃತ್ತ ಕಹಳೆಗಾರ

ಅಂಚೆಚೀಟಿಗಳನ್ನು ಕೂಡಿಹಾಕುವವರನ್ನೂ ಕೆಟ್ಟ ಗಡಿಯಾರಗಳ ಒಡಲು ಬಿಚ್ಚಿ ಕೂರುವವರನ್ನೂ ಸಂಸಾರಗಳು ಇಷ್ಟು ಕಾಲ ಸಹಿಸಿಕೊಂಡು ಬಂದಿರುವುದಕ್ಕೆ ಕಾರಣ ಆ ವ್ಯಸನಗಳ ಔದಾತ್ಯವಲ್ಲ, ಅವುಗಳ ಮೌನ. ಇಲಿನಾಯ್ ಸಂಸ್ಥಾನದಲ್ಲಿ ಇಂಜಿನಿಯರಾಗಿರುವ ನಮ್ಮ ಅಳಿಯಂದಿರಿಗೆ ಮೌನವಾದ ವ್ಯಸನ ರುಚಿಸಲಿಲ್ಲ. ನೆರೆಯೂರಿನ ಆಡಳಿತದವರು ಕಂಬದಿಂದ ಇಳಿಸಿ ಹರಾಜಿಗಿಟ್ಟಿದ್ದ, ಥಂಡರ್‌ಬೋಲ್ಟ್ ಎಂಬ ಹೆಸರಿನ, ಶೀತಲ ಸಮರದ ದಿನಗಳಲ್ಲಿ ಶಿಕಾಗೋ ಸೀಮೆಯಲ್ಲಿ ಜನ್ಮ ತಾಳಿದ ಎಚ್ಚರಿಕೆಯ ಸೈರನ್ನೊಂದನ್ನು ಗುಜರಿಯವನೊಬ್ಬನೊಡನೆ ಪೈಪೋಟಿ ಹೂಡಿ ಕೊಂಡುತಂದು, ನಮ್ಮ ಮಗಳ ಕಾರನ್ನು ಬಯಲಿಗಟ್ಟಿ, ಗ್ಯಾರೇಜಿನ ನಟ್ಟನಡುವೆ ಅದನ್ನು ಪ್ರತಿಷ್ಠಾಪಿಸಿ, ಶನಿವಾರ ಭಾನುವಾರಗಳನ್ನೆಲ್ಲ ಅದರ ಕೈಂಕರ್ಯಕ್ಕೆ ಮುಡಿಪಾಗಿಟ್ಟಿದ್ದಾರೆ. ಮಗಳು ಆ ವಿಷಯವಾಗಿ ಮಾತನಾಡುವುದನ್ನು ನಿಲ್ಲಿಸಿರುವಳು. ಅದು ಒಳ್ಳೆಯ ಲಕ್ಷಣವಲ್ಲವೆಂದು ಬಲ್ಲವನಾದ ನಾನೂ ಆ ಮಾತೆತ್ತುವುದಿಲ್ಲ.

2025ರ ಜುಲೈ ತಿಂಗಳ ಟೆಕ್ಸಾಸ್ ಪ್ರವಾಹದ ತರುವಾಯ, ಸೈರನ್ ಇರಬೇಕಾಗಿತ್ತೇ, ಇದ್ದರೆ ಯಾರು ಒತ್ತಬೇಕಾಗಿತ್ತು ಎಂದು ಇಲ್ಲಿಯ ಪತ್ರಿಕೆಗಳಲ್ಲಿ ನಡೆದ ವಾದವಿವಾದಗಳನ್ನು ವಾಚಕರು ಓದಿ ಬೇಸತ್ತಿರಬಹುದು. ಆ ವಾದದಲ್ಲಿ ಮಂತ್ರಿಗಳು ಮಾತನಾಡಿದರು, ಹವಾಮಾನ ಪಂಡಿತರು ಮಾತನಾಡಿದರು, ವಕೀಲರಂತೂ ಇನ್ನೂ ಮಾತನಾಡುತ್ತಲೇ ಇದ್ದಾರೆ. ಸೈರನ್ನಿನ ಅಭಿಪ್ರಾಯವನ್ನು ಮಾತ್ರ ಯಾರೊಬ್ಬರೂ ಕೇಳಲಿಲ್ಲ. ಆದುದರಿಂದ, ಅಳಿಯಂದಿರು ಬೇರಿಂಗ್ ತರಲೆಂದು ಅಂಗಡಿಗೆ ಹೋಗಿದ್ದ ಒಂದು ಮುಂಜಾನೆ, ಮರದ ಮಣೆಯೊಂದನ್ನು ಎಳೆದುಕೊಂಡು ಆ ಮಹನೀಯರ ಎದುರಿಗೆ ಕುಳಿತೆನು. ಅವರ ಕಹಳೆಯ ಬಾಯಲ್ಲಿ ಕಣಜದ ಹುಳುಗಳು ಕಟ್ಟಿದ್ದ ಮಣ್ಣಿನ ಗೂಡುಗಳು ಅರ್ಧ ಕೆರೆದು ಅರ್ಧ ಉಳಿದಿದ್ದವು. ಎಡಗಡೆ ಹೊಸ ಹಳದಿ ಬಣ್ಣ, ಬಲಗಡೆ ತುಕ್ಕು.

ನಾನು: ತಮಗೆ ಈ ಮನೆಯಲ್ಲಿ ಸೌಖ್ಯವಷ್ಟೆ?

ಸೈರನ್: ಸೌಖ್ಯಕ್ಕೇನು ಕೊರತೆ, ರಾಯರೆ! ತಂತಿಯ ಬ್ರಷ್ಷಿನಿಂದ ಮೈ ಉಜ್ಜುತ್ತಾರೆ, ಎಣ್ಣೆ ಹಾಕುತ್ತಾರೆ, ಗ್ರೀಸು ಬಳಿಯುತ್ತಾರೆ. ಉದ್ಯೋಗದಲ್ಲಿದ್ದಾಗ ಇಂಥ ಉಪಚಾರವನ್ನು ಕಂಡವನೇ ಅಲ್ಲ. ಆದರೆ ನಾನು ಉಣ್ಣುವುದು ಮೂರು ಫೇಸಿನ ವಿದ್ಯುತ್ತು. ಈ ದೇಶದ ಮನೆಗಳಿಗೆ ಬರುವುದು ಒಂದೇ ಫೇಸು. ಅದಕ್ಕೆ ಪರಿವರ್ತಕವೊಂದನ್ನು ತರಿಸುತ್ತೇನೆಂದು ನಿಮ್ಮ ಅಳಿಯಂದಿರು ಹೇಳುತ್ತಲೇ ಇದ್ದಾರೆ. ಅಲ್ಲಿಯವರೆಗೂ ಉಪವಾಸ.

ನಾನು: ತಮ್ಮ ಕಂಠದ ರಹಸ್ಯವನ್ನು ವಾಚಕರಿಗೆ ತಿಳಿಸಬೇಕು.

ಸೈರನ್: ರಹಸ್ಯವೇನೂ ಇಲ್ಲ. ಕೆಳಗಿನ ಪೆಟ್ಟಿಗೆಯಲ್ಲಿರುವ ಬ್ಲೋವರ್ ಗಾಳಿಯನ್ನು ಒತ್ತಿ ಕೊಳವೆಯ ಮೂಲಕ ಮೇಲಕ್ಕೆ ಕಳುಹಿಸುವುದು. ಮೇಲೆ ಕಂಡಿಗಳುಳ್ಳ ರೋಟರೊಂದು ಗಿರ್ರನೆ ತಿರುಗುತ್ತ ಆ ಗಾಳಿಯನ್ನು ಕತ್ತರಿಸಿ ಕತ್ತರಿಸಿ ಕಹಳೆಯೊಳಕ್ಕೆ ಬಿಡುವುದು. ಕಹಳೆಯಾದರೋ ತಾನೇ ಸುತ್ತುತ್ತ ದಿಕ್ಕು ದಿಕ್ಕಿಗೂ ಸುದ್ದಿ ಮುಟ್ಟಿಸುವುದು. ನೂರು ಅಡಿ ದೂರ ನಿಂತವನಿಗೂ 120 ಡೆಸಿಬೆಲ್ ಮೀರಿ ಕೇಳಿಸುವೆನು.

ಈ ಸಂಖ್ಯೆಯನ್ನು ಕೇಳಿದೊಡನೆ ನನ್ನ ಮನಸ್ಸು ಸಂದರ್ಶನದ ಹಾದಿಯನ್ನು ಬಿಟ್ಟು ಬೇರೊಂದು ಕಡೆಗೆ ಓಡಿತೆಂದು ಹೇಳಬೇಕಾಗಿದೆ. ನಾಲ್ಕು ಗಂಟೆಗೆಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿ ಐದೂಮುಕ್ಕಾಲಿಗೆ ದೀಪ ಬೆಳಗುವ, ಸ್ವಾಗತ ಭಾಷಣವೇ ಅಧ್ಯಕ್ಷ ಭಾಷಣದಷ್ಟು ಉದ್ದವಾಗುವ, ‘ಎರಡೇ ಮಾತು ಆಡಿ ವಿರಮಿಸುತ್ತೇನೆ’ ಎಂದವರು ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಳ್ಳುವ ನಮ್ಮ ಸಭೆಗಳ ವಿಷಯದಲ್ಲಿ ನಾನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿರುವೆನೆಂಬುದು ವಾಚಕರಿಗೆ ಗೊತ್ತೇ ಇದೆ.

ನಾನು: ನಮ್ಮ ಸಭಾಭವನಗಳ ವೇದಿಕೆಯ ಹಿಂದೆ ತಮ್ಮಂಥವರೊಬ್ಬರನ್ನು ನಿಲ್ಲಿಸಿದರೆ, ಹತ್ತು ನಿಮಿಷ ಮೀರಿದ ಭಾಷಣಕಾರರಿಗೆ...

ಸೈರನ್: ನನ್ನ ದುಃಖ ಅದಲ್ಲ. ನನ್ನ ದುಃಖ ಪರೀಕ್ಷೆ. ನನ್ನನ್ನು ನಿರ್ಮಿಸಿದ್ದು ರಷ್ಯದ ಬಾಂಬು ಬಿದ್ದರೆ ಕೂಗಲೆಂದು. ಬಾಂಬು ಬೀಳಲಿಲ್ಲ, ಒಳ್ಳೆಯದೇ ಆಯಿತು. ಆಮೇಲೆ ಸುಂಟರಗಾಳಿಗೆ ಕೂಗೆಂದರು, ಅದೂ ಆಗಲಿ. ಆದರೆ ನನ್ನ ಆಯುಷ್ಯವೆಲ್ಲ ಸವೆದದ್ದು ಪ್ರತಿ ತಿಂಗಳ ಮೊದಲ ಮಂಗಳವಾರ ಬೆಳಗ್ಗೆ 10 ಗಂಟೆಗೆ. ಈ ಇಲಿನಾಯ್‌ನಲ್ಲಿ ನಮ್ಮವರೆಲ್ಲರ ಪರೀಕ್ಷೆ ಆಗಲೇ. ಮೊದಮೊದಲು ಜನ ಬೆಚ್ಚಿಬೀಳುತ್ತಿದ್ದರು. ಆಮೇಲೆ ಮುಗಿಲ ಕಡೆ ನೋಡುತ್ತಿದ್ದರು. ಕಡೆಕಡೆಗೆ ಕೈಗಡಿಯಾರ ನೋಡಿಕೊಂಡು, ‘ಓ, ಮಂಗಳವಾರ’ ಎಂದು ಹಲ್ಲು ಕೆರೆದುಕೊಳ್ಳತೊಡಗಿದರು. ಪ್ರಾಣ ಹೋಗುವಂತೆ ಅರಚುವವನನ್ನು ನೋಡಿ ಲೋಕ ವಾರ ಎಣಿಸಿದರೆ ಅವನ ಮನಸ್ಸಿಗೆ ಹೇಗಾಗಬೇಕು?

ನಾನು: ಮಂಗಳವಾರವಲ್ಲದ ದಿನವೂ ತಮ್ಮ ಕುಲದವರು ಕೂಗಿದ್ದುಂಟಲ್ಲ? 1959ರ ಸೆಪ್ಟೆಂಬರ್ 22ರ ರಾತ್ರಿ, ಶಿಕಾಗೋದ ಬೇಸ್‌ಬಾಲ್ ತಂಡವೊಂದು ಲೀಗಿನಲ್ಲಿ ಗೆದ್ದಿತೆಂಬ ಸಂಭ್ರಮದಲ್ಲಿ ಅಗ್ನಿಶಾಮಕ ದಳದ ಮುಖ್ಯಸ್ಥರು ವಾಯುದಾಳಿಯ ಸೈರನ್ನುಗಳನ್ನೆಲ್ಲ ಊದಿಸಿಬಿಟ್ಟರಂತೆ. ಅದೇ ವಾರ ರಷ್ಯದ ನಾಯಕ ಕ್ರುಶ್ಚೇವರು ಈ ದೇಶದಲ್ಲಿ ಪ್ರವಾಸದಲ್ಲಿದ್ದರು. ಯುದ್ಧವೇ ಬಂದಿತೆಂದು ಜನ ಮಕ್ಕಳನ್ನೆತ್ತಿಕೊಂಡು ನೆಲಮಾಳಿಗೆಗಳಿಗೆ ಇಳಿದರೆಂದು...

ಸೈರನ್: ಮಂಗಳವಾರದ ವಿಷಯ ಹೇಳುತ್ತಿದ್ದೆ.

ನಾನು: ಹೊರಗಿದ್ದವರಿಗಲ್ಲದೆ ಮನೆಯೊಳಗೆ ಮಲಗಿದವರಿಗೆ ತಮ್ಮ ಧ್ವನಿ ಸರಿಯಾಗಿ ಮುಟ್ಟುವುದಿಲ್ಲವೆಂಬ ಆಕ್ಷೇಪಕ್ಕೆ?

ಸೈರನ್: ಒಮ್ಮೊಮ್ಮೆ ಆ ದಿನ ನಿಜವಾಗಿಯೂ ಮೋಡ ಕವಿದಿದ್ದರೆ ಪರೀಕ್ಷೆಯನ್ನು ರದ್ದು ಮಾಡುತ್ತಿದ್ದರು. ಜನರಿಗೆ ಗಾಬರಿಯಾದೀತಂತೆ! ಗಾಬರಿಪಡಿಸಲೆಂದೇ ಇಟ್ಟುಕೊಂಡವನನ್ನು, ಗಾಬರಿಯಾಗಬಾರದೆಂದು ಬಾಯಿ ಮುಚ್ಚಿಸುವುದು!

ನಾನು: ನಮ್ಮಲ್ಲೂ 2025ರ ಮೇ 7ರಂದು ಬೆಂಗಳೂರು ಮೊದಲಾದ ಕಡೆ ನಾಗರಿಕ ರಕ್ಷಣೆಯ ಅಣಕು ಕವಾಯತು ನಡೆಯಿತು. ಆ ದಿನ ಸೈರನ್ ಹೇಳಿದ ಹೊತ್ತಿಗೆ ಕೂಗಿತೆಂಬುದೇ ನನಗೆ ಅಚ್ಚರಿ. ಏಕೆಂದರೆ ನಮ್ಮಲ್ಲಿ ಹೇಳಿದ ಹೊತ್ತಿಗೆ ಆರಂಭವಾಗುವ ಸಾರ್ವಜನಿಕ ಕಾರ್ಯಕ್ರಮ ಬೇರೊಂದಿಲ್ಲ. ಈಗ ಸಾಹಿತ್ಯ ಗೋಷ್ಠಿಗಳನ್ನೇ ತೆಗೆದುಕೊಳ್ಳಿ...

ಸೈರನ್: ರಾಯರೆ, ನಿಮ್ಮ ಗೋಷ್ಠಿಗಳಲ್ಲಿ ಯಾರಾದರೂ ಸಾಯುತ್ತಾರೆಯೇ?

ಹಾಸ್ಯವಿರಬಹುದೆಂದು ನಕ್ಕೆನು. ಅವರು ನಗಲಿಲ್ಲ.

ಸೈರನ್: ಆ ಜುಲೈ 4ರ ನಸುಕಿನಲ್ಲಿ ಟೆಕ್ಸಾಸಿನ ಗ್ವಾಡಲೂಪ್ ನದಿ ಮುಕ್ಕಾಲು ಗಂಟೆಯೊಳಗೆ 26 ಅಡಿ ಏರಿತು. ಕೆರ್ ಕೌಂಟಿಯೊಂದರಲ್ಲೇ ನೂರಕ್ಕೂ ಮಿಕ್ಕಿ ಜನ ಸತ್ತರು; ಒಂದೇ ಶಿಬಿರದಲ್ಲಿ ಮಲಗಿದ್ದ ಹೆಣ್ಣುಮಕ್ಕಳೂ ಅವರನ್ನು ನೋಡಿಕೊಳ್ಳುತ್ತಿದ್ದವರೂ ಸೇರಿ 27 ಮಂದಿ. ಆ ನದಿಗೆ ಇದು ಹೊಸ ಚಾಳಿಯಲ್ಲ. ಅಲ್ಲಿ ಸೈರನ್ ನಿಲ್ಲಿಸಬೇಕೆಂಬ ಮಾತು 2016ರಲ್ಲೇ ಬಂದಿತ್ತು. ಇಷ್ಟು ಸುಂದರವಾದ ಸೀಮೆಯಲ್ಲಿ ನಡುರಾತ್ರಿ ಈ ಹಾಳು ಸೈರನ್ನುಗಳು ಅರಚುವುದೇ ಎಂದು ಸಭೆಯಲ್ಲಿ ಕುಳಿತವರೊಬ್ಬರು ಸಂಕಟಪಟ್ಟರು. ಮಾರನೆಯ ವರ್ಷ ಸುಮಾರು ಹತ್ತು ಲಕ್ಷ ಡಾಲರಿನ ಯೋಜನೆಗೆ ಅನುದಾನ ಬೇಡಿದರು, ಅದು ಸಿಗಲಿಲ್ಲ, ಕಡತ ಮುಚ್ಚಿತು. ನಿದ್ದೆ ಕೆಡಬಾರದೆಂದರು, ಕೆಡಲಿಲ್ಲ. ಆ ಮಕ್ಕಳಿಗೆ ಯಾರು ಏನು ಹೇಳುತ್ತಾರೆ? ಅವರ ತಾಯಂದಿರಿಗೆ?

ನನ್ನಲ್ಲಿ ಉತ್ತರವಿರಲಿಲ್ಲ.

ಸೈರನ್: ಇನ್ನೂ ಕೇಳಿ. ಅದೇ ನದಿಯ ಕೆಳದಂಡೆಯಲ್ಲಿ ಕಂಫರ್ಟ್ ಎಂಬ ಸಣ್ಣ ಊರಿದೆ. ಅಲ್ಲಿಯ ಸ್ವಯಂಸೇವಕ ಅಗ್ನಿಶಾಮಕ ದಳದವರು ಚಿಲ್ಲರೆ ಕೂಡಿಸಿ, ತಮ್ಮ ಠಾಣೆಗೆ ಹೊಸ ಸೈರನ್ ತಂದು, ಹಳೆಯದನ್ನು ಗುಜರಿಗೆ ಹಾಕದೆ, ನನ್ನಂತೆಯೇ ತೊಳೆಸಿ ದುರಸ್ತಿ ಮಾಡಿಸಿ, ಊರ ನಡುವಿನ ಉದ್ಯಾನದ ಬಳಿ ನಿಲ್ಲಿಸಿ, ಹಳ್ಳದ ನೀರನ್ನು ಅಳೆಯುವ ಯಂತ್ರಕ್ಕೆ ಜೋಡಿಸಿದರು. ಆ ಹೊತ್ತು ಬಂದಾಗ ಕೂಗಿದರು. ಜನ ಎದ್ದು ಎತ್ತರಕ್ಕೆ ಹೋದರು. ಆ ಊರಿನಲ್ಲಿ ಒಬ್ಬರೂ ಸಾಯಲಿಲ್ಲ.

ನಾನು: ನಮ್ಮ ದೇಶದಲ್ಲಿ ಇಂಥದು...

ಸೈರನ್: ನಿಮ್ಮ ದೇಶವೇ? 1984ರ ಡಿಸೆಂಬರ್ 2 ಕಳೆದ ರಾತ್ರಿ ಭೋಪಾಲದ ಕಾರ್ಖಾನೆಯಿಂದ ವಿಷ ಹೊರಬಿದ್ದಾಗ, ಊರಿಗೆ ತಿಳಿಸಬೇಕಾದ ಸೈರನ್ ಒಂದಿಷ್ಟು ಹೊತ್ತು ಕೂಗಿತು, ಆಮೇಲೆ ಅದನ್ನು ನಿಲ್ಲಿಸಿದರು. ಒಳಗಿನ ನೌಕರರಿಗೊಂದು, ಹೊರಗಿನ ಊರಿಗೊಂದು ಎಂದು ಬೇರೆ ಬೇರೆ ಮಾಡಿಟ್ಟಿದ್ದರಲ್ಲ. ಸಣ್ಣಪುಟ್ಟ ಸೋರಿಕೆಗೆಲ್ಲ ಊರವರು ಗಾಬರಿಪಡಬಾರದೆಂಬ ಉಪಕಾರಬುದ್ಧಿ. ಮತ್ತೆ ಅದು ಬಾಯಿಬಿಡುವಷ್ಟರಲ್ಲಿ ಜನ ಬೀದಿಯಲ್ಲಿ ಬಿದ್ದಿದ್ದರು. ಅವರಿಗೆ ಗಾಬರಿಪಡುವ ಹಕ್ಕಿತ್ತು, ರಾಯರೆ. ಅದನ್ನೂ ಕಿತ್ತುಕೊಂಡರು.

ಇಷ್ಟು ಹೇಳಿ ಅವರು ಸುಮ್ಮನಾದರು. ಇಲ್ಲಿ ಒಂದು ಮಾತನ್ನು ನನ್ನದಾಗಿಯೇ ಹೇಳಬೇಕೆನಿಸುತ್ತದೆ. ಟೆಕ್ಸಾಸಿಗಿಂತ ಏಳು ವಾರ ಮುಂಚೆ, ಮೇ 16ರಂದು, ಸೇಂಟ್ ಲೂಯಿಸ್ ನಗರಕ್ಕೆ ಸುಂಟರಗಾಳಿ ನುಗ್ಗಿದಾಗ ಅಲ್ಲಿ ಸೈರನ್ನುಗಳು ಇದ್ದವು, ವಿದ್ಯುತ್ತು ಇತ್ತು, ಎಲ್ಲವೂ ಇತ್ತು. ಗುಂಡಿಯನ್ನು ಯಾವ ಇಲಾಖೆ ಒತ್ತಬೇಕೆಂಬುದು ಮಾತ್ರ ಇತ್ಯರ್ಥವಾಗಿರಲಿಲ್ಲ. ನಮ್ಮಳಿಯಂದಿರಂಥ ನೂರಾರು ಹವ್ಯಾಸಿಗಳು ಸ್ವಂತ ಹಣದಿಂದ, ಸ್ವಂತ ರಜೆಯಲ್ಲಿ, ಊರುಗಳು ಎಸೆದ ಕಂಠಗಳನ್ನು ಹುಡುಕಿ ತಂದು, ಸಿಕ್ಕಿಕೊಂಡ ರೋಟರನ್ನು ಬಿಡಿಸಿ, ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿಸಿ ಮಾತು ಬರಿಸಬಲ್ಲರು. ಸಂಬಳ ಪಡೆಯುವ ಅಧಿಕಾರಿಗೆ ಒಂದು ಬೆರಳು ಎತ್ತುವುದು ಇಷ್ಟು ಪ್ರಯಾಸವೇ? ಹಾಗೆ ನೋಡಿದರೆ ನಮ್ಮಲ್ಲಿಯೂ ಸಭೆಯ ಅಧ್ಯಕ್ಷರಿಗೆ ಗಂಟೆಯೊಂದನ್ನು ಕೊಟ್ಟಿರುತ್ತಾರೆ. ಭಾಷಣ ಮಿತಿ ಮೀರಿದಾಗ ಬಾರಿಸಲೆಂದು. ಅದನ್ನು ಬಾರಿಸಿದ ಅಧ್ಯಕ್ಷರನ್ನು ನಾನು ನೋಡಿಲ್ಲ. ಆದರೆ ಆ ಪ್ರಸಂಗವನ್ನು ಇಲ್ಲಿ ಎತ್ತುವುದು ಉಚಿತವಲ್ಲ.

ನಾನು: ತಮ್ಮದೊಂದು ಕೊನೆಯ ಅಪೇಕ್ಷೆ?

ಸೈರನ್: ಬಣ್ಣ ಸಾಕು. ನದಿಯ ದಂಡೆಯಲ್ಲಿ ಯಾವುದಾದರೂ ಬಡ ಊರಿದ್ದರೆ ವಿಚಾರಿಸಿ ಎಂದು ನಿಮ್ಮ ಅಳಿಯಂದಿರಿಗೆ ಹೇಳಿ.

ಅಷ್ಟರಲ್ಲಿ ಅಳಿಯಂದಿರು ಬೇರಿಂಗುಗಳ ಪೊಟ್ಟಣವನ್ನೂ ಹಳದಿ ಬಣ್ಣದ ಇನ್ನೊಂದು ಡಬ್ಬಿಯನ್ನೂ ಹಿಡಿದು ಬಂದರು. ಅವರ ಮುಖದಲ್ಲಿ ಹರ್ಷ ಉಕ್ಕುತ್ತಿತ್ತು.

“ಮಾವ, ಪೊಲೀಸ್ ಠಾಣೆಯಿಂದ ಅನುಮತಿ ಸಿಕ್ಕಿತು! ಕನೆಕ್ಷನ್ ಆದಮೇಲೆ ಎರಡು ನಿಮಿಷ ಕೂಗಿಸಬಹುದಂತೆ.”

“ಬಹಳ ಸಂತೋಷ. ಯಾವತ್ತು?”

“ಮೊದಲ ಮಂಗಳವಾರ, ಬೆಳಗ್ಗೆ ಹತ್ತಕ್ಕೆ. ಊರಿನ ಸೈರನ್ನುಗಳೆಲ್ಲ ಆಗಲೇ ಕೂಗುತ್ತವಲ್ಲ, ನಮ್ಮದು ಯಾರ ಗಮನಕ್ಕೂ ಬರುವುದಿಲ್ಲ.”